ಹಸುವಿನ ಹೆಸರು ಹೇಳಿ ತಂದ ಅಕ್ಕಿ

ಅಪ್ಪ ಜಾವಗಲ್‌ನಲ್ಲಿ ಕೊಬ್ಬರಿ ಅಂಗಡಿ ನಡೆಸುತ್ತಿದ್ದಾಗ ವರ್ಷಕ್ಕೊಮ್ಮೆ ನಮ್ಮ ಮನೆಯಿಂದ ಮಠದ ದಾಸೋಹಕ್ಕೆ ಅಕ್ಕಿ ಮೂಟೆ ಹೋಗುತ್ತಿತ್ತು. ಅಪ್ಪ ತೀರಿಕೊಂಡರು, ಅಂಗಡಿ ಮುಚ್ಚಿತು. ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ನನ್ನ ಸಂಬಳ ಅಷ್ಟಕ್ಕಷ್ಟೆ. ಅಮ್ಮ ತಾನೇ ಓಡಾಡಿ ರೇಷನ್ ಕಾರ್ಡ್ ಮಾಡಿಸಿದಳು. ಅವಳಿಗೆ ಇಲ್ಲದ ನಾಚಿಕೆಯನ್ನೆಲ್ಲ ನಾನು ಹೊತ್ತುಕೊಂಡೆ.

ಕೆಲಸ ಮಾಡಿ ಸವೆದ ಅಮ್ಮನ ಬೆರಳು ರೇಷನ್ ಅಂಗಡಿಯ ಯಂತ್ರಕ್ಕೆ ಗುರುತೇ ಹತ್ತುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಲು ನಾನೇ ಹೋಗಬೇಕು. ಜನ ಕರಗಲಿ ಎಂದು ಬೇಕಂತಲೇ ತಡಮಾಡಿ ಹೋಗುತ್ತಿದ್ದೆ. ಒಂದು ದಿನ ಸರ್ವರ್ ಕೈಕೊಟ್ಟು, ನಾನು ತಡವಾಗಿ ಹೋದಾಗಲೂ ಸಾಲು ಉದ್ದಕ್ಕೆ ನಿಂತಿತ್ತು. ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಆ ದಾರಿಯಲ್ಲೇ ಬಂದವರು, "ಇದೇನ್ ಮಿಸ್, ನೀವೂ ಇಲ್ಲಿ?" ಎಂದರು. ಅದರಲ್ಲಿ ಕೊಂಕೇನೂ ಇರಲಿಲ್ಲ.

"ಮನೇಲಿ ಹಸು ಇದೆಯಲ್ರೀ, ಅದಕ್ಕೆ ಬೇಯಿಸಿ ಹಾಕೋಕೆ. ಈ ಅಕ್ಕೀನ ಮನುಷ್ಯರು ಉಣ್ತಾರಾ?" ಎಂದುಬಿಟ್ಟೆ.

ನನ್ನ ಹಿಂದೆಯೇ ನಿಂತಿದ್ದವಳು, ಹಿಂದೆ ಅಪ್ಪನ ಅಂಗಡಿಗೆ ಕೊಬ್ಬರಿ ಚಿಪ್ಪು ಬಿಡಿಸಲು ಬರುತ್ತಿದ್ದ ಹೆಂಗಸು. ಅದೇ ಅಕ್ಕಿ ಬೇಯಿಸಿ ಮೂರು ಮಕ್ಕಳನ್ನು ಸಾಕಿದವಳು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ನಾನು ತಿರುಗಿ ಅವಳಿಗೆ ಒಂದು ಮಾತು ಹೇಳಬಹುದಿತ್ತು. ಅಕ್ಕಿ ಹಾಕಿಸಿಕೊಂಡು ಮನೆಗೆ ನಡೆದೆ.

ನನ್ನ ಮಾತು ಮಾತ್ರ ಊರೆಲ್ಲ ಸುತ್ತಿತು. ಒಂದು ರಜಾದಿನ ಮಧ್ಯಾಹ್ನ ತಾಲ್ಲೂಕಿನಿಂದ ಅಧಿಕಾರಿಯೊಬ್ಬರು ಬಂದು ಜಗಲಿಯ ಮುಂದೆ ನಿಂತರು. "ಸರ್ಕಾರದ ಅಕ್ಕಿ ಹಸುಗೆ ಹಾಕ್ತೀರಂತೆ. ದೂರು ಬಂದಿದೆ. ನಿಜವಾದ್ರೆ ಕಾರ್ಡ್ ರದ್ದು ಮಾಡ್ಬೇಕಾಗುತ್ತೆ."

ಉಣ್ಣುತ್ತಿದ್ದ ಅಮ್ಮ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. "ಯಾರು ಸ್ವಾಮಿ ಹಂಗಂದೋರು?"

"ನಿಮ್ಮ ಮಗಳೇ ಹೇಳಿದ್ರಂತೆ."

ಅಮ್ಮ ನನ್ನ ಕಡೆ ನೋಡಿದಳು. ಹೌದೆಂದರೆ ಕಾರ್ಡ್ ಹೋಗುತ್ತದೆ, ಇಲ್ಲವೆಂದರೆ ನಾನು ಸುಳ್ಳುಗಾತಿಯಾಗುತ್ತೇನೆ. ಅಮ್ಮನ ಊಟಕ್ಕೇ ಕುತ್ತು ಬಂದ ಆ ಗಳಿಗೆಯಲ್ಲೂ ನಾನು ನನ್ನ ಮಾನವನ್ನೇ ತೂಗುತ್ತಾ ನಿಂತಿದ್ದೆ. ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಅದೇ ಹೆಂಗಸು ಮಜ್ಜಿಗೆಗೆಂದು ಚೊಂಬು ಹಿಡಿದು ಬಂದಿದ್ದಳು, ಮುಂದೆ ಬಂದಳು. "ಸುಳ್ಳು ಕಣ್ ಸಾರ್. ಅಮ್ಮಾರೂ ನಮ್ಮಂಗೇ ಅದ್ನೇ ಉಣ್ತಾರೆ. ತಟ್ಟೆ ಕೈಯಾಗೇ ಐತಲ್ಲ, ನೋಡ್ರಿ."

ಅಧಿಕಾರಿ ಅಮ್ಮನ ತಟ್ಟೆ ನೋಡಿದರು, ಏನೋ ಬರೆದುಕೊಂಡು ಹೊರಟರು. ಕಾರ್ಡ್ ಉಳಿಯಿತು.

"ನಾನು ಉಣ್ಣೋದು ನಿಂಗೆ ಹಸಿನ ಕಲಗಚ್ಚಾಯ್ತೇನೇ?" ಎಂದು ಕೇಳಿದ ಅಮ್ಮ ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ನಾನೇ ಮಜ್ಜಿಗೆ ತಂದು ಆ ಹೆಂಗಸಿನ ಚೊಂಬಿಗೆ ಹುಯ್ದೆ. "ಅವತ್ತು ನಾನು ಹಂಗನ್ನಬಾರದಿತ್ತು," ಎಂದೆ, ಮುಖ ನೋಡದೆ.

"ಬಿಡಿ ಅಕ್ಕಾ," ಎಂದಳು. "ಮೊದಮೊದ್ಲು ನಂಗೂ ಹಂಗೇ ಆಗ್ತಿತ್ತು. ಚೀಲನ ಸೆರಗಿನಾಗೆ ಮುಚ್ಕಂಡು ಬತ್ತಿದ್ದೆ."

ಅವಳಿಗೂ ನಾಚಿಕೆಯಾಗಿರಬಹುದು ಎಂದು ಅಲ್ಲಿಯವರೆಗೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.