ಅಚ್ಚಿಗೆ ಹಚ್ಚಿದ ಹುರಮಂಜು

ಬ್ರೇಕ್ ಒತ್ತಿದೆ. ಜೀಪು ನಿಲ್ಲಲಿಲ್ಲ.

ಇದನ್ನು ಬರೆಯುವಾಗಲೂ ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿದೆ. ತಾವರಗೇರಾದ ಆಚೆ ನಮ್ಮ ದಾಳಿಂಬೆ ತೋಟಕ್ಕೆ ಹೋಗಬೇಕಾದರೆ ಒಂದು ಕಲ್ಲುಗುಡ್ಡ ಹತ್ತಿ ಇಳಿಯಬೇಕು. ರಸ್ತೆ ಎನ್ನುವುದು ಹೆಸರಿಗೆ ಮಾತ್ರ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ನಮ್ಮ ಹಳೆಯ ಜೀಪು ಇಲ್ಲದಿದ್ದರೆ ಅಲ್ಲಿಗೆ ನಡೆದೇ ಹೋಗಬೇಕು. ಆ ಇಳಿಜಾರಿನ ಅರ್ಧದಲ್ಲಿ ಪೆಡಲು ಕಾಲಿಗೆ ಗಟ್ಟಿಯಾಗಿಯೇ ಸಿಕ್ಕಿತು, ಗಾಡಿ ಮಾತ್ರ ಮಾತು ಕೇಳಲೊಲ್ಲದು. ಬಲಕ್ಕೆ ಎಳೆಯತೊಡಗಿತು. ಬಲಕ್ಕೆ ಹಳ್ಳ. ಪಕ್ಕದ ಸೀಟಿನಲ್ಲಿ ಅವ್ವ.

ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿ ಹೊಲದ ಒಡ್ಡಿಗೆ ಗುದ್ದಿಸಿದೆ. ಅವ್ವನ ಹಣೆ ಮುಂದಿನ ಕಬ್ಬಿಣಕ್ಕೆ ಬಡಿಯಿತು. ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿದ್ದರೂ ಆಕೆ ಕೇಳಿದ್ದು ಒಂದೇ ಮಾತು. "ಯಾಕ ನಿಂದರಲಿಲ್ಲಪಾ ಗಾಡಿ?"  

ಇಳಿದು ಬಗ್ಗಿ ನೋಡಿದೆ. ಹಿಂದಿನ ಎಡಗಾಲಿಯ ಒಳಬದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಎರಡು ಗಾಲಿಗಳನ್ನು ಜೋಡಿಸುವ ಅಚ್ಚಿನೊಳಗಿನ ಗೇರ್ ಎಣ್ಣೆ ಬ್ರೇಕಿನ ಕಡೆ ಹರಿಯದಂತೆ ತಡೆಯಲು ಅಲ್ಲೊಂದು ರಬ್ಬರಿನ ಬಳೆ ಇರುತ್ತದೆ, ಅದಕ್ಕೆ ಸೀಲು ಅನ್ನುತ್ತಾರೆ. ಅದನ್ನು ದಾಟಿ ಬಂದ ಎಣ್ಣೆ ಬ್ರೇಕಿನ ಪಟ್ಟಿಗಳನ್ನೆಲ್ಲ ತೋಯಿಸಿಬಿಟ್ಟಿತ್ತು. ಎಣ್ಣೆ ಕುಡಿದ ಪಟ್ಟಿ ಗಾಲಿಯನ್ನು ಹಿಡಿಯುವುದು ಎಲ್ಲಿಂದ ಬಂತು? ಹೋದ ವರ್ಷವೂ ಇದೇ ಜಾಗದಲ್ಲಿ ಸೋರಿತ್ತು. ತಾವರಗೇರಾದ ಮೆಕ್ಯಾನಿಕ್ ಹೊಸ ಸೀಲು ಹಾಕಿ, "ಇನ್ನ ಚಿಂತಿಲ್ಲ ಬಿಡ್ರಿ" ಎಂದಿದ್ದ. ನನ್ನ ತಲೆಗೆ ರಕ್ತ ಏರಿತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಅವ್ವನ ಹಣೆಗೆ ಹೊಲಿಗೆ ಹಾಕಿಸಿ, ಟ್ರ್ಯಾಕ್ಟರಿಗೆ ಜೀಪು ಕಟ್ಟಿ ಎಳೆಸಿಕೊಂಡು ನೇರವಾಗಿ ಅವನ ಅಂಗಡಿಗೇ ಹೋದೆ. ಅಂದು ಸಂತೆ. ಎದುರಿನ ಚಹಾದಂಗಡಿಯ ಮುಂದೆ ಮಂದಿಯೋ ಮಂದಿ.

ಮೆಕ್ಯಾನಿಕ್ ನನಗಿಂತ ಹತ್ತು ವರ್ಷ ಚಿಕ್ಕವನು. ಮಾತು ಕಡಿಮೆ. ಸುತ್ತಲಿನ ಕಲ್ಲುಕ್ವಾರಿಗಳ ಜೀಪುಗಳೆಲ್ಲ ಅವನ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಅವನು ಏನೂ ಕೇಳದೆ ಜೀಪಿನ ಅಡಿಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಬಂದು, ಹಣೆಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಅವ್ವನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಅಣ್ಣಾರ, ಸ್ವಲ್ಪ ಈ ಕಡೆ ಬರ್ರಿ. ಒಂದು ಮಾತೈತಿ."

"ಏನಿದ್ರೂ ಇಲ್ಲೇ ಹೇಳು, ಎಲ್ಲಾರ ಮುಂದ."

ಅವನು ಮತ್ತೊಮ್ಮೆ ಅವ್ವನ ಕಡೆ ನೋಡಿ, "ಏನಿಲ್ರಿ" ಎಂದು ಸುಮ್ಮನಾದ.

ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. "ಡುಪ್ಲಿಕೇಟ್ ಸೀಲು ಹಾಕಿ ನಮ್ಮವ್ವನ್ನ ಕೊಲ್ಲಾಕ ನಿಂತಿದ್ದ್ಯಲ್ಲೋ" ಎಂದು ಶುರುಮಾಡಿದವನು ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಕಸುಬನ್ನು ಅಂದೆ, ಅವನಿಗೆ ಕಸುಬು ಕಲಿಸಿದವರನ್ನೂ ಬಿಡಲಿಲ್ಲ. ಸಂತೆಯ ಮಂದಿ ಚಹಾ ಕಪ್ಪು ಹಿಡಿದು ನಿಂತು ಕೇಳಿದರು. ಅವನು ಕೈಯಲ್ಲಿದ್ದ ಬಟ್ಟೆಯಿಂದ ಎಣ್ಣೆ ಒರೆಸಿಕೊಳ್ಳುತ್ತ ನಿಂತಿದ್ದ.

ಸುದ್ದಿ ಕುಷ್ಟಗಿಯವರೆಗೂ ಹೋಯಿತು. ಬ್ರೇಕಿನ ವಿಷಯದಲ್ಲಿ ಯಾರು ಧೈರ್ಯ ಮಾಡುತ್ತಾರೆ? ಕ್ವಾರಿಯವರು ತಮ್ಮ ಗಾಡಿಗಳನ್ನು ಬೇರೆ ಕಡೆ ಒಯ್ದರು. ಕೆಲವು ದಿನಗಳ ಮೇಲೆ ಆ ದಾರಿಯಲ್ಲಿ ಹೋಗುವಾಗ ನೋಡಿದರೆ ಅಂಗಳ ಖಾಲಿ. ಅವನು ಒಂದು ಸೈಕಲ್ಲಿಗೆ ಪಂಕ್ಚರ್ ಹಾಕುತ್ತ ಕುಳಿತಿದ್ದ. ತಕ್ಕ ಶಾಸ್ತಿಯಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಈಗ ಬಚ್ಚಿಡುವುದಿಲ್ಲ.

ಜೀಪನ್ನು ನಾನು ಗಂಗಾವತಿಗೆ ಒಯ್ದಿದ್ದೆ. ಅಲ್ಲಿ ಭತ್ತದ ಗದ್ದೆಯ ಯಂತ್ರಗಳಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಒಬ್ಬ ಮೇಸ್ತ್ರಿ ಇದ್ದಾನೆ. ಬ್ರೇಕಿನ ಪಟ್ಟಿ, ಎರಡೂ ಕಡೆಯ ಸೀಲು ಎಲ್ಲ ಹೊಸದು ಹಾಕಿದ. ಹದಿನೈದು ದಿನ ಕಳೆದಿರಲಿಲ್ಲ, ಒಂದು ಮುಂಜಾನೆ ನೋಡಿದರೆ ಎಡಗಾಲಿಯ ಕೆಳಗೆ ಮತ್ತೆ ಎಣ್ಣೆ.  ಹೊಚ್ಚಹೊಸ ಸೀಲು, ನನ್ನ ಕಣ್ಣೆದುರೇ ಡಬ್ಬಿಯಿಂದ ತೆಗೆದು ಹಾಕಿದ್ದು.

ಆ ಮೇಸ್ತ್ರಿಗೂ ಬೈಯಲೆಂದೇ ಜೀಪನ್ನು ನಿಧಾನವಾಗಿ ಓಡಿಸಿಕೊಂಡು ಗಂಗಾವತಿಗೆ ಹೋದೆ. ಅವನು ನನ್ನ ಬೈಗುಳ ಮುಗಿಯಲಿ ಎಂದು ಕಾಯಲಿಲ್ಲ. ಸೋರಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ, ಬ್ರೇಕಿನ ಎಣ್ಣೆಯಲ್ಲ, ಅಚ್ಚಿನದೇ ಎಂದ. ಬಿಸಿಯಾಗಿದ್ದ ಅಚ್ಚಿನ ಎಣ್ಣೆ ತುಂಬುವ ಬಿರಡೆಯನ್ನು ಮೆಲ್ಲಗೆ ಸಡಿಲಿಸಿದ. ಒಳಗಿಂದ ಭುಸ್ ಎಂದು ಗಾಳಿ ಹೊರಬಂತು.

"ಕೇಳಿದ್ರೇನು? ಉಸಿರು ಕಟ್ಟೈತ್ರಿ ಇದಕ್ಕ. ನಾ ಮೊದಲ ನೋಡಬೇಕಿತ್ತು, ನಂದೂ ತಪ್ಪೈತಿ."

ಅಚ್ಚಿನ ಮೇಲೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಮೂತಿ ಇದೆ. ಗಾಡಿ ಓಡಿದಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಅದು ಹೊರಹೋಗುವುದು ಈ ಮೂತಿಯಿಂದ. ಇದು ಮುಚ್ಚಿದರೆ ಗಾಳಿ ಎಣ್ಣೆಯನ್ನು ದೂಡುತ್ತದೆ, ಸೀಲು ಎಷ್ಟು ಹೊಸದಾದರೂ ತಡೆಯಲಾರದು. ಮೇಸ್ತ್ರಿ ಆ ಮೂತಿಯನ್ನು ಬಿಚ್ಚಿ ದಬ್ಬಣ ತೂರಿಸಿ ತಿರುವಿದ. ಒಳಗಿಂದ ಕೆಂಪು ಹಕ್ಕಳೆ ಉದುರಿ ನನ್ನ ಅಂಗೈಯಲ್ಲಿ ಬಿತ್ತು.

 ಅದು ಹುರಮಂಜು. ಕಾರಹುಣ್ಣಿಮೆಗೆ ಎತ್ತುಗಳಿಗೆ ಬಳಿಯುವ ಕೆಂಪು ಬಣ್ಣ. ಮನೆಯ ಎತ್ತುಗಳನ್ನು ಮಾರಿದ ಮೇಲೂ ಅವ್ವನಿಗೆ ಹಬ್ಬ ಬಿಡಲಾಗಲಿಲ್ಲ. ದುಡಿಯುವುದು ಈಗ ಜೀಪಲ್ಲವೇ ಎಂದು, ಹುರಮಂಜನ್ನು ಅಗಸಿ ಎಣ್ಣೆಯಲ್ಲಿ ಕಲಸಿ, ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿ, ಎರಡೂ ಅಚ್ಚುಗಳಿಗೆ ಈ ತುದಿಯಿಂದ ಆ ತುದಿಗೆ ಬಳಿಯುತ್ತಿದ್ದಳು. ಒಂದು ಬೆರಳಗಲವನ್ನೂ ಬಿಡುತ್ತಿರಲಿಲ್ಲ. ಪೇಟೆಯಿಂದ ಹುರಮಂಜು ತಂದುಕೊಡುತ್ತಿದ್ದವನು ನಾನೇ.

"ಇದನ್ನ ಹಿಂದ ಯಾರೋ ಒಮ್ಮಿ ಬಿಡಿಸ್ಯಾರ್ರಿ," ಎಂದ ಮೇಸ್ತ್ರಿ. "ಒಳಗ ತಂತಿ ಗೀರು ಅದಾವ ನೋಡ್ರಿ. ಭಾಳ ಛಲೋ ಕೆಲಸ ಮಾಡ್ಯಾನ. ಆಮ್ಯಾಲ ನೀವು ಮತ್ತ ಬಣ್ಣ ಹಚ್ಚೀರಿ."

ಆ ಜೀಪಿನ ಅಡಿಗೆ ಇದುವರೆಗೆ ಹೋಗಿದ್ದ ಮೆಕ್ಯಾನಿಕ್ ಇನ್ನೊಬ್ಬನೇ. ಗಂಗಾವತಿಯಿಂದ ತಾವರಗೇರಾದವರೆಗೆ ಹೇಗೆ ಬಂದೆನೋ ನನಗೆ ನೆನಪಿಲ್ಲ. ಅವನು ಅಂಗಡಿಯಲ್ಲಿ ಒಬ್ಬನೇ ಕುಳಿತಿದ್ದ. ಕೆಂಪು ಹಕ್ಕಳೆಯನ್ನು ಅವನ ಮುಂದೆ ಹಿಡಿದೆ.

"ಹೋದ ವರ್ಷನ ನೋಡಿದ್ನಿರಿ," ಎಂದ. "ಬಿಡಿಸಿ ಸ್ವಚ್ಛ ಮಾಡಿದ್ನಿ."

"ಹೇಳಲಿಲ್ಲ ಯಾಕ ಮತ್ತ?"

"ನೀವು ಚಹಾಕ್ಕ ಹೋಗಿದ್ರಿ. ಅವ್ವಾರು ಬಗ್ಗಿ, ತಮ್ಮಾ, ಬಣ್ಣ ನಾನ ಹಚ್ಚೀನಿ, ಛಲೋ ಕಾಣತೈತೇನು ಅಂತ ಕೇಳಿದ್ರು. ಛಲೋ ಐತ್ರಿ ಅಂದ್ನಿ. ಮತ್ತೇನ ಅನ್ಲಿ?"

"ಈ ವರ್ಷ?"

"ಈ ವರ್ಷ ಅವರ ಹಣಿಗೆ ಪಟ್ಟಿ ಇತ್ತು. ನಿಮ್ಮ ಕೈಲೆ ಹಿಂಗಾತು ಅಂತ ಅಷ್ಟು ಮಂದ್ಯಾಗ ಹೆಂಗ ಹೇಳಬೇಕ್ರಿ? ನಿಮ್ಮನ್ನ ಬಾಜೂಕ ಕರದ್ನಿ. ನೀವು ಬರಲಿಲ್ಲ."

ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಸಿದು ಕುಳಿತೆ. ಅವನ ಹೊಟ್ಟೆಯ ಮೇಲೆ ಹೊಡೆದವನು ನಾನು, ಅವನೋ ನಮ್ಮವ್ವನ ಮನಸ್ಸು ನೋಯಬಾರದೆಂದು ಹೊಡೆಸಿಕೊಂಡು ಸುಮ್ಮನಿದ್ದ. ನಾಚಿಕೆಯಿಂದ ಸತ್ತೇ ಹೋದೆ. ಊರಿಗೆಲ್ಲ ನಿಜ ಹೇಳುತ್ತೇನೆ ಎಂದಾಗ ಅವನು, "ಬ್ಯಾಡ್ರಿ, ಅವ್ವಾರಿಗೆ ಗೊತ್ತಾಗತೈತಿ" ಎಂದ. ಮಂದಿಯ ಮುಂದೆ ತಲೆ ತಗ್ಗಿಸುವುದು ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಹಾಯೆನಿಸಿತು. ನಾನು ಅಷ್ಟು ಕೀಳು ಮನುಷ್ಯ ಎಂದು ಆವರೆಗೆ ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಯಾಕೆ ಸೋರುತ್ತಿತ್ತಂತೆ ಎಂದು ಕೇಳಿದಳು. "ಸೀಲು" ಎಂದೆ.

"ಅಂದ್ರ ಆ ತಾವರಗೇರಿ ತಮ್ಮ ಹಾಕಿದ ಸೀಲ ಕೆಟ್ಟಿತ್ತೇನು?"

ಹೌದು ಎಂದರೆ ಅವನನ್ನು ಇನ್ನೊಮ್ಮೆ ಕೊಂದಂತೆ, ಅದೂ ಎಲ್ಲ ತಿಳಿದ ಮೇಲೆ. ನನ್ನಿಂದ ಆಗಲಿಲ್ಲ. ಆಕೆಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅವ್ವನ ಮುಖ ಬಿಳಿಚಿಕೊಂಡಿತು. ಸುಲಿಯುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು. ಅದನ್ನು ಕೆಳಗಿಟ್ಟು, "ಸಂತಿ ನಾಳೆ ಅಲ್ಲೇನು?" ಎಂದಳು.

ಮರುದಿನ ಅದೇ ಅಂಗಡಿಯ ಮುಂದೆ ಜೀಪು ನಿಲ್ಲಿಸಿದೆ. ಅವ್ವ ಇಳಿದು ಚಹಾದಂಗಡಿಯ ಮಂದಿಯ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಳು.

"ಎಲ್ಲಾರೂ ಕೇಳ್ರಿಲ್ಲೆ. ಗಾಡಿ ಕೆಡಿಸಿದಾಕಿ ನಾನು. ಹುರಮಂಜು ಬಳದು ಅದರ ಮೂತಿ ಮುಚ್ಚಿದಾಕಿ ನಾನು. ಈ ತಮ್ಮಂದು ಏನೂ ತಪ್ಪಿಲ್ಲ."

ಮೆಕ್ಯಾನಿಕ್ ಓಡಿಬಂದು ಕೈ ಮುಗಿದ. ಆಕೆ ಅವನನ್ನೂ ಬಿಡಲಿಲ್ಲ. "ಹೋದ ವರ್ಷ ಹೇಳಿದ್ರ ನನಗ ಒಂದೀಟು ನಾಚಿಕಿ ಆಗ್ತಿತ್ತು, ಅಷ್ಟ. ನೀ ಹೇಳಲಿಲ್ಲ. ಹಳ್ಳಕ್ಕ ಬಿದ್ದು ನನ್ನ ಮಗ ಸತ್ತಿದ್ರ ಆ ಮರ್ಯಾದಿ ತೊಗೊಂಡು ನಾ ಏನು ಮಾಡ್ಲೆಪಾ?"

"ತಪ್ಪಾತ್ರಿ ಅವ್ವಾರ," ಎಂದ. ಅವನ ಕಣ್ಣು ತುಂಬಿದ್ದವು.

ಅವ್ವ ನನ್ನ ಕಡೆ ತಿರುಗಿದಳು. "ಈಗ ನೀನು."

ನಾನು ಕೈ ಮುಗಿದು ತಪ್ಪಾಯಿತು ಎಂದೆ. ಧ್ವನಿ ನನ್ನ ಕಿವಿಗೇ ಸರಿಯಾಗಿ ಬೀಳಲಿಲ್ಲ.

"ಕೇಳಸಲಿಲ್ಲ," ಎಂದಳು ಅವ್ವ. "ಅವತ್ತು ಬೈಯುವಾಗ ಬಸ್‌ಸ್ಟ್ಯಾಂಡಿನ ತನಕ ಕೇಳಿತ್ತು."

ನಾನು ಮತ್ತೊಮ್ಮೆ ಹೇಳಿದೆ. ಈ ಸಲ ಬಸ್‌ಸ್ಟ್ಯಾಂಡಿನ ಮುಂದೆ ನಿಂತಿದ್ದವರು ತಿರುಗಿ ನೋಡಿದರು.