ಕಿರಣನಿಗೊಂದು ಎಲೆ

ಮೊನ್ನೆ ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮದ್ದೂರಿನ ಮನೆಯಲ್ಲಿ ಒಂದು ಬಾಳೆಲೆಗಾಗಿ ಜಗಳವಾಯಿತು. ಎಲೆ ಹರಿದಿದ್ದಕ್ಕೇನೂ ಅಲ್ಲ. ಒಂದು ಹೆಚ್ಚಾಗಿತ್ತು, ಅಷ್ಟೇ.

ಹಿರಿಯರ ಹಬ್ಬ ನಿಮಗೆ ಗೊತ್ತಲ್ಲ. ತೀರಿಕೊಂಡವರಿಗೆ ಇಷ್ಟವಾದದ್ದೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತೇವೆ. ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. (ನಾವು ನೋಡುತ್ತಿದ್ದರೆ ಅವರಿಗೆ ನಾಚಿಕೆಯಂತೆ! ಇದನ್ನು ಯಾವ ಕಾನ್ವೆಂಟಿನಲ್ಲೂ ಹೇಳಿಕೊಡುವುದಿಲ್ಲ. ನನಗಂತೂ ಬಹಳ ಇಷ್ಟ.)

ಮಾವನವರಿಗೆ, ಅವರ ಅಪ್ಪ ಅಮ್ಮನಿಗೆ ಎಲೆ ಹಾಕಿದ ಅತ್ತೆ, ಪಕ್ಕದಲ್ಲಿ ಇನ್ನೊಂದು ಹಾಕಿದರು. ಮಳವಳ್ಳಿಯಿಂದ ಬಂಡೂರು ಕುರಿಯ ಮಾಂಸ ಹಿಡಿದು ಬಂದಿದ್ದ ಭಾವ ಕೇಳಿದರು, "ಇದ್ಯಾರ್ಗವ್ವ?"

"ಕಿರಣಂಗೆ."

ಕಿರಣ ನಮ್ಮ ಹಿಂದಿನ ಬೀದಿಯ ಮಾಯಾಳ ಮಗ. ನೇಪಾಳದಿಂದ ಬಂದ ಸಂಸಾರ. ಅಪ್ಪ ರಾತ್ರಿಯೆಲ್ಲ ವಿಷಲ್ ಊದಿಕೊಂಡು ಬೀದಿ ಕಾಯುತ್ತಾನೆ, ಅಮ್ಮ ನಮ್ಮ ಸೀರೆಗಳಿಗೆ ಫಾಲ್ಸ್ ಹಚ್ಚುತ್ತಾಳೆ. ಕಂಕುಳಲ್ಲಿ ಬಂದ ಮಗು ಇಲ್ಲೇ ಬೆಳೆಯಿತು. ಸ್ಕೂಲು ಬಿಟ್ಟರೆ ನೇರ ನಮ್ಮ ಅಡುಗೆಮನೆಗೇ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಅವನಿಗೆ ಕಲಿಸಿದ್ದು ಅತ್ತೆ.

ದೊಡ್ಡವನಾಗಿ ನಮ್ಮ ದೇಶದ ಸೇನೆಗೇ ಸೇರಿದ. ಗಡಿಯ ಕಾಳಗದಲ್ಲಿ ಗಾಯಗೊಂಡು, ಮಿಲಿಟರಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ನರಳಿ ತೀರಿಕೊಂಡ. ಅಂತ್ಯಕ್ರಿಯೆ ನೇಪಾಳದಲ್ಲಿ, ಅವರ ಹಿರಿಯರ ಊರಿನಲ್ಲಾಯಿತು.

"ಬೆಳೆದ ಊರಲ್ಲಿ ಅವನ ಹೆಸರು ಕರಿಯೋಕೆ ಒಂದು ಜಾಗ ಇಲ್ಲ ಅಕ್ಕಾ" ಎಂದು ಮಾಯಾ ಒಮ್ಮೆ, ಸೂಜಿಗೆ ದಾರ ಪೋಣಿಸುತ್ತಾ ಹೇಳಿದ್ದಳು. ಅದನ್ನು ಅತ್ತೆಯ ಕಿವಿಗೆ ಹಾಕಿದ್ದೆ.

ಭಾವನಿಗೆ ಸರಿಬರಲಿಲ್ಲ. "ಎಡೆ ಅಂದ್ರೆ ನಮ್ ವಂಸದೋರ್ಗೆ ಕಣವ್ವ. ಬ್ಯಾರೆ ದೇಸದೋನ್ನ ಕರುದ್ರೆ ಅಪ್ಪ ಜೊತೇಲಿ ಕೂತ್ಕತಾರಾ?"

"ನಿಮ್ಮಪ್ಪ ಅವನ್ನ ತೊಡೆ ಮ್ಯಾಲ್ ಕೂರುಸ್ಕಂಡೇ ಉಣ್ತಿದ್ರು ಕಣ್ಲಾ! ಅವ್ನು ಬೀದೀಲಿ ನಿಂತಿದ್ರೆ ಅವ್ರ ಗಂಟ್ಲಲ್ಲಿ ಮುದ್ದೆ ಇಳಿದದಾ? ಸುಮ್ಕಿರು."

ಅಷ್ಟರಲ್ಲಿ ಅತ್ತೆ ಹೇಳಿಕಳಿಸಿದ್ದ ಮಾಯಾ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ, ಒಳಗೆ ಬಳೆಯಂತೆ ದುಂಡಗೆ ಕರಿದ ಅಕ್ಕಿಹಿಟ್ಟಿನ ರೊಟ್ಟಿ. ಹೊಸಿಲಿನಾಚೆಯೇ ನಿಂತಳು. ಅತ್ತೆ ಅವಳನ್ನು ಒಳಗೆ ಎಳೆದುಕೊಂಡರು. "ಕರಿ ಮಗ. ತಾಯಿ ಕರುದ್ರೆ ಬ್ಯಾಗ ಬತ್ತಾನೆ."

ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ನೇಪಾಳಿಲಿ ಕರೀಲಾ ಅಕ್ಕಾ, ಕನ್ನಡದಲ್ಲಾ?"

ನನಗೇನು ಗೊತ್ತು? ಯಾವ ಭಾಷೆ ಅಲ್ಲಿಗೆ ಮುಟ್ಟುತ್ತದೆ?

ಮಾಯಾ ಸೆರಗು ಸರಿಮಾಡಿಕೊಂಡಳು. "ಕಿರಣಾ, ಮುದ್ದೆ ಆರೋಯ್ತದೆ, ಬಾರ್ಲಾ!"

ಥೇಟ್ ಅತ್ತೆಯ ಮಾತು. ಅವನು ಆಟ ಬಿಟ್ಟು ಬರದಿದ್ದಾಗ ಹಿತ್ತಲಿನಿಂದ ಕೂಗುತ್ತಿದ್ದರಲ್ಲ, ಹಾಗೇ.

ನಾನು ಬಾಗಿಲು ಮುಚ್ಚಲು ಹೊರಟೆ. "ತಡಿ ಕಣಮ್ಮ" ಎಂದರು ಭಾವ. ಒಳಗೆ ಹೋಗಿ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸಿ, ಹುಡುಕಿ, ಮಜ್ಜೆ ತುಂಬಿದ ಒಂದು ನಲ್ಲಿಮೂಳೆ ತಂದು ಆ ಕೊನೆಯ ಎಲೆಗೆ ಬಡಿಸಿದರು. "ನಲ್ಲಿಮೂಳೆ ಇಲ್ದೆ ಸಿಪಾಯಿನ ಊಟಕ್ಕೆ ಕರೀತಾರೇನವ್ವ?"

ಎಲ್ಲರೂ ಜಗಲಿಯಲ್ಲಿ ಕೂತೆವು. ಮಾಯಾ ನನ್ನ ಕೈ ಹಿಡಿದು "ಥ್ಯಾಂಕ್ಸ್ ಅಕ್ಕಾ" ಎಂದಳು. ಯಾರು ಯಾರಿಗೆ ಹೇಳಬೇಕಾದ ಮಾತು ಇದು? ಅಪ್ಪ ಬೀದಿ ಕಾಯುತ್ತಾನೆ, ಮಗ ಗಡಿ ಕಾದ. ನಮ್ಮಿಂದ ಆದದ್ದು ಒಂದು ಬಾಳೆಲೆ.

ಸಂಜೆ ಬೈಕು ಹತ್ತುತ್ತಾ ಭಾವ ಕೂಗಿ ಹೇಳಿದರು, "ಮುಂದಿನ್ ಸಲ ಮಾಂಸ ಜಾಸ್ತಿ ತತ್ತೀನಿ ಕಣವ್ವ."

ಮತ್ತೆ? ಮಗ ಊಟಕ್ಕೆ ಬಂದಾಗ ಸಾರು ಸಾಲದಿದ್ದರೆ ಹೇಗೆ?