ಮೆಕ್ಕೆಜೋಳದ ನಡುವಿನ ಓಣಿ

ಮಕ್ಕಳಿಗೆ ನಾನು ಕೊಟ್ಟ ತಪ್ಪು ಉತ್ತರಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದೇ ಮಾತಿನದು: ‘ಇಲ್ಲ.’

ಕೊಟ್ಟೂರಿಗೂ ಹರಪನಹಳ್ಳಿಗೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಅವತ್ತು ಕೊನೆಯ ಪಿರಿಯಡ್ಡಿನಲ್ಲಿ ಖೋಖೋ ಕಂಬ ನಿಲ್ಲಿಸುತ್ತಿದ್ದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಕಡ್ಡಿಯಂಥ ಕಾಲು, ಮೊಣಕಾಲಿನ ಮೇಲೆ ಸದಾ ಒಂದು ಹಸಿ ಗಾಯ.

“ಟೀಚರ್, ನಮ್ಮ ದೇಶಕ್ಕ ಹೆಣ್ಮಕ್ಕಳ ಫುಟ್‌ಬಾಲ್ ಟೀಮ್ ಐತೇನ್ರಿ?”

“ಇಲ್ಲ,” ಅಂದೆ. “ಅದು ಗಂಡುಮಕ್ಕಳ ಆಟ. ಹೋಗು, ಸುಣ್ಣದ ಡಬ್ಬಿ ತಗೊಂಡ್ ಬಾ.”

ಅವಳು ಹೋಗಲಿಲ್ಲ. ನಾನು ಇನ್ನೇನೋ ಹೇಳುತ್ತೇನೆಂದು ಕಾಯುವವಳಂತೆ ಅಲ್ಲೇ ನಿಂತಿದ್ದಳು. ಆ ನಿಂತದ್ದೇ ನನ್ನನ್ನು ಕೊರೆಯಿತು. ಸಂಜೆ ಕೊಟ್ಟೂರಿನ ಬಸ್ಸಿನಲ್ಲಿ ಕೂತು ಫೋನ್ ತೆಗೆದು ಹುಡುಕಿದೆ. ನೋಡುತ್ತ ನೋಡುತ್ತ ಮುಖ ಬಿಸಿಯಾಯಿತು. ತಂಡ ಇತ್ತು! ನಾನು ಹುಟ್ಟುವ ಹೊತ್ತಿಗಾಗಲೇ ಅದು ಏಷ್ಯಾದಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ಆಮೇಲೆ ಬಹಳ ವರ್ಷ ಕೇಳುವವರಿಲ್ಲದೆ ಸೊರಗಿ, ಈಗ ಮತ್ತೆ ಚಿಗುರುತ್ತಿತ್ತು. ನಾನಾದರೋ ವ್ಯಾಯಾಮ ಶಿಕ್ಷಣದಲ್ಲಿ ಪದವಿ ಪಡೆದವಳು, ಫುಟ್‌ಬಾಲ್ ಮೈದಾನದ ಉದ್ದಗಲ ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು. ಆ ಮೈದಾನದಲ್ಲಿ ನನ್ನಂಥ ಹೆಣ್ಣುಮಕ್ಕಳು ದೇಶದ ಬಟ್ಟೆ ತೊಟ್ಟು ಓಡುತ್ತಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ವಿಪರೀತ ಸಿಟ್ಟು ಬಂತು. ಸಿಟ್ಟು ಬಂದರೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಅವಳನ್ನು ಕರೆದೆ. “ನಿನ್ನೆ ನಾ ಹೇಳಿದ್ದು ತಪ್ಪು. ಟೀಮ್ ಐತಿ,” ಅಂದೆ. ಅವಳ ಮುಖದಲ್ಲಿ ಮೂಡಿದ ನಗುವನ್ನು ಈಗಲೂ ಮರೆತಿಲ್ಲ. ಟೀಚರ್ ತಪ್ಪು ಒಪ್ಪಿಕೊಂಡದ್ದಕ್ಕೋ, ಟೀಮ್ ಇರುವುದಕ್ಕೋ, ಯಾವುದಕ್ಕೆ ಅಷ್ಟು ಖುಷಿಯಾಯಿತೋ ಕೇಳಲಿಲ್ಲ. ಸಾಮಾನಿನ ಕೋಣೆಯಲ್ಲಿ ಗಾಳಿ ಹೋಗಿ ಬಿದ್ದಿದ್ದ ಚೆಂಡಿಗೆ ಸೈಕಲ್ ಶಾಪಿನಲ್ಲಿ ಗಾಳಿ ತುಂಬಿಸಿಕೊಂಡು ಬಂದೆವು. ಹದಿನಾಲ್ಕು ಹುಡುಗಿಯರು ಸೇರಿದರು. ಎಲ್ಲರೂ ಖೋಖೋದವರು. ಚೆಂಡನ್ನು ಗೆಳತಿಗೆ ದಾಟಿಸುವಾಗ ತಡೆಯಲಾರದೆ “ಖೋ!” ಎಂದು ಕೂಗುತ್ತಿದ್ದರು. ನಾನು ಎಷ್ಟು ಬೈದರೂ ಆ ಚಾಳಿ ಬಿಡಲಿಲ್ಲ. ಕೊನೆಗೆ ಬೈಯುವುದನ್ನು ನಾನೇ ಬಿಟ್ಟೆ.

ಉತ್ಸಾಹ ಹೀಗೆ ಏರುತ್ತಿರುವಾಗಲೇ ಸುಗ್ಗಿ ಬಂತು. ನಮ್ಮ ಕಡೆ ಮೆಕ್ಕೆಜೋಳ ಮುರಿದು, ಕಾಳು ಬಿಡಿಸಿದ ಮೇಲೆ ಊರಿನಲ್ಲಿ ಸಮತಟ್ಟಾದ ಜಾಗ ಒಂದೂ ಉಳಿಯುವುದಿಲ್ಲ. ಡಾಂಬರು ರಸ್ತೆಯ ಅರ್ಧ, ದೇವಸ್ಥಾನದ ಅಂಗಳ, ಬಸ್ ನಿಲ್ಲುವ ಜಾಗ, ಎಲ್ಲ ಹಳದಿಯೋ ಹಳದಿ. ಶಾಲೆಯ ಮೈದಾನವನ್ನು ಬಿಡುತ್ತಾರೆಯೇ? ಒಂದು ಸೋಮವಾರ ಬಂದು ನೋಡಿದರೆ ಮೈದಾನದ ಎರಡೂ ಕಡೆ ಜೋಳ ಹಾಸಿದ್ದಾರೆ. ನಡುವೆ ಒಂದು ಟ್ರ್ಯಾಕ್ಟರ್ ಬಂದುಹೋಗುವಷ್ಟು ಓಣಿ. ಬೇವಿನ ಮರದ ಕೆಳಗೆ ಕೋಲು ಹಿಡಿದು, ಆಡು ಕೋಳಿ ಓಡಿಸುತ್ತ ಒಬ್ಬ ಅಜ್ಜಿ. ಗಾಯದ ಮೊಣಕಾಲಿನ ನಮ್ಮ ಹುಡುಗಿಯ ಸ್ವಂತ ಅಜ್ಜಿ, ತಾಯಿಯ ತಾಯಿ.

ನಾನು ಜಗಳಕ್ಕೆ ನಿಂತೆ. “ಇದು ಸಾಲಿ ಫೀಲ್ಡು, ನಿಮ್ಮ ಕಣ ಅಲ್ಲ,” ಅಂದೆ.

“ನೀ ಹುಟ್ಟೋಕಿಂತ ಮೊದಲಿಂದ ಇಲ್ಲೇ ಹಾಕೀವಿ ಟೀಚರಮ್ಮ,” ಅಂದಳು ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ. “ನಿನ್ನ ಬಾಲು ನನ್ನ ಜ್ವಾಳದಾಗ ಬಂತಂದ್ರ ವಾಪಸ್ ಕೊಡಂಗಿಲ್ಲ ನೋಡು.”

ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಚೆಂಡು ಜೋಳಕ್ಕೆ ಬಿದ್ದರೆ ಎದ್ದು ಬಂದು, ಎತ್ತಿಕೊಂಡು ಹೋಗಿ, ಅದರ ಮೇಲೆಯೇ ಮಣೆಯಂತೆ ಕೂತುಬಿಡುತ್ತಿದ್ದಳು. ಶಾಲೆ ಬಿಡುವ ಗಂಟೆ ಹೊಡೆದ ಮೇಲೆಯೇ ಏಳುತ್ತಿದ್ದುದು. ಒಂದೇ ಚೆಂಡು ಇದ್ದ ನಮಗೆ ಅಲ್ಲಿಗೆ ಆಟ ಮುಗಿದಂತೆ. ಹೀಗಾಗಿ ನಾನೇ ಒಂದು ಕಾನೂನು ಮಾಡಿದೆ: ಆಟವೆಲ್ಲ ಓಣಿಯಲ್ಲಿ. ಚೆಂಡು ನೆಲ ಬಿಡಬಾರದು. ಯಾರ ಕಾಲಿನಿಂದ ಚೆಂಡು ಜೋಳಕ್ಕೆ ತಗುಲಿತೋ ಅವಳು ಅವತ್ತಿಗೆ ಔಟ್.

ಆ ಓಣಿಯ ಅಗಲ ಎಂಟು ಹೆಜ್ಜೆ. ಹದಿನಾಲ್ಕು ಜನ ಅದರೊಳಗೆ! ಮೊದಮೊದಲು ಕಾಲಿಗೆ ಕಾಲು ತೊಡರಿ ಬಿದ್ದದ್ದೇ ಬಿದ್ದದ್ದು. ಆಮೇಲೆ ನೋಡಬೇಕಿತ್ತು. ಚೆಂಡು ಪಾದಕ್ಕೆ ಅಂಟಿಕೊಂಡಂತೆ ಹೋಗುತ್ತಿತ್ತು. ನಮ್ಮ ಹುಡುಗಿಯಂತೂ ಜೋಳದ ಅಂಚಿಗೆ ಬಂದು, ಒಂದು ಕಾಳೂ ಅಲುಗದಂತೆ ಗಕ್ಕನೆ ನಿಂತು, ತಿರುಗಿ, ಇಬ್ಬರ ನಡುವೆ ನುಸುಳಿ ಮಾಯವಾಗುತ್ತಿದ್ದಳು. ಅಜ್ಜಿ ಎಲೆ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ನಾನು ತಿರುಗಿದರೆ ಕೋಳಿ ಓಡಿಸುವವಳಂತೆ ಕೋಲು ಬೀಸುತ್ತಿದ್ದಳು. ಎರಡು ಸುಗ್ಗಿ ಹೀಗೇ ಹೋಯಿತು. ಸುಗ್ಗಿ ಇಲ್ಲದ ದಿನಗಳಲ್ಲೂ, ಮೈದಾನ ಪೂರ್ತಿ ಖಾಲಿ ಇದ್ದಾಗಲೂ, ಅವರು ನಡುವಿನ ಆ ಎಂಟು ಹೆಜ್ಜೆಯಲ್ಲೇ ಆಡುತ್ತಿದ್ದರು. ನಾನು ಅದನ್ನು ಗಮನಿಸಲೇ ಇಲ್ಲ. ಗಮನಿಸಬೇಕಿತ್ತು.

ಅವಳು ಹತ್ತನೇ ಕ್ಲಾಸಿಗೆ ಬಂದ ವರ್ಷದ ಜುಲೈ. ದೇಶದ ತಂಡ ಹೊರದೇಶದಲ್ಲಿ ಆಡುತ್ತಿತ್ತು. ಗೆದ್ದರೆ ಏಷ್ಯಾದ ದೊಡ್ಡ ಟೂರ್ನಿಗೆ ಹೋಗಬಹುದು, ಸೋತರೆ ಮನೆಗೆ. ಶನಿವಾರ ಸಂಜೆ ಶಾಲೆಯ ಕಟ್ಟೆಯ ಮೇಲೆ ನನ್ನ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ಅದರ ಮುಂದೆ ಎಲ್ಲರೂ ತಲೆಗೆ ತಲೆ ಹಚ್ಚಿ ಕೂತೆವು. ಅಜ್ಜಿಯೂ ಬಂದು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು.

“ಎಷ್ಟು ಜಾಗ ಖಾಲಿ ಬಿಟ್ಟಾರಲ್ಲ ಟೀಚರಮ್ಮ! ನಮ್ಮೂರಿನ ಜ್ವಾಳ ಎಲ್ಲಾ ಒಣಗಿಸಬಹುದಿತ್ತು.”

ನಾವು ನಕ್ಕು ಮುಗಿಸುವಷ್ಟರಲ್ಲಿ ಗೋಲ್ ಆಯಿತು, ನಮ್ಮದೇ! ಎದುರಾಳಿಗಳು ಒಂದು ಹೊಡೆದು ಸಮ ಮಾಡಿದರು. ಸಿಗ್ನಲ್ ಹೋಯಿತು, ಬಂತು, ಮತ್ತೆ ಹೋಯಿತು. ಬಂದಾಗ ನಾವು ಇನ್ನೊಂದು ಹೊಡೆದಿದ್ದೆವು. ಆಟ ಮುಗಿದಾಗ ಅಲ್ಲಿ ಗೆದ್ದ ನಮ್ಮ ಆಟಗಾರ್ತಿಯರು ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಿದ್ದರು. ಇಲ್ಲಿ ನಮ್ಮ ಹುಡುಗಿಯರು ಕಟ್ಟೆಯಿಂದ ಧುಮುಕಿ ಕತ್ತಲಾಗುವವರೆಗೂ ಕುಣಿದರು. ನಾನೂ ಕುಣಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಹೆಡ್‌ಮಾಸ್ತರರು ಕಂಡೂ ಕಾಣದಂತೆ ಸ್ಕೂಟರ್ ಹತ್ತಿದರು.

ಆ ವರ್ಷದ ಕೊನೆಗೆ ಪತ್ರ ಬಂತು: ರಾಜ್ಯದ ಬಾಲಕಿಯರ ಶಿಬಿರಕ್ಕೆ ಹೊಸಪೇಟೆಯಲ್ಲಿ ಆಯ್ಕೆ ಪಂದ್ಯ, ಶಾಲೆಗೊಬ್ಬಳು. ದೇಶದ ಬಟ್ಟೆ ತೊಟ್ಟ ಪ್ರತಿಯೊಬ್ಬಳೂ ಇಂಥದೇ ಒಂದು ಶಿಬಿರದ ಬಾಗಿಲಿನಿಂದ ಒಳಗೆ ಹೋದವಳು. ವಯಸ್ಸಿನ ಮಿತಿಯನ್ನು ಎರಡು ಸಲ ಓದಿದೆ. ನಮ್ಮ ಹುಡುಗಿಗೆ ಇದೇ ಮೊದಲನೆಯದು, ಇದೇ ಕೊನೆಯದು. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಮನೆಯವರು ಅಜ್ಜಿ ಜೊತೆಗಿದ್ದರೆ ಕಳಿಸುತ್ತೇವೆ ಅಂದರು. ಅಜ್ಜಿ ಕೂಡಲೇ ಒಪ್ಪಿದಳು. ಜೋಳ ಮಾರಿಯಾಗಿತ್ತು, ಅವಳಿಗೂ ಬೇಜಾರು ಹಿಡಿದಿತ್ತು.

ಕೊಟ್ಟೂರಿನಲ್ಲಿ ರೈಲು ಹತ್ತಿದೆವು. ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೂ ನಾಲ್ಕು ಹುಡುಗಿಯರು ಚೀಲ ಹೆಗಲಿಗೇರಿಸಿ ಹತ್ತಿದರು. ಅವರೂ ಅಲ್ಲಿಗೇ! ಮೈದಾನಕ್ಕೆ ಹೋದರೆ ಕೂಡ್ಲಿಗಿಯಿಂದ, ಹಡಗಲಿಯಿಂದ, ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದವರು. ಎರಡು ವರ್ಷದ ಹಿಂದೆ ಈ ಸೀಮೆಯಲ್ಲಿ ಫುಟ್‌ಬಾಲ್ ಆಡುವ ಹುಡುಗಿ ನಮ್ಮವಳೊಬ್ಬಳೇ ಅಂದುಕೊಂಡಿದ್ದೆ. ಮತ್ತೊಂದು ತಪ್ಪು ಲೆಕ್ಕ. ಅಷ್ಟು ಖುಷಿ ಕೊಟ್ಟ ತಪ್ಪು ಇನ್ನೊಂದಿಲ್ಲ.

ಬೆನ್ನಿಗೆ ಪಿನ್ನು ಹಾಕಿ ಕಾಗದದ ನಂಬರ್ ಸಿಕ್ಕಿಸಿದರು. ನಮ್ಮವಳದು ಹದಿನೇಳು. ಆಯ್ಕೆ ಮಾಡುವವರಲ್ಲಿ ಒಬ್ಬರು ಒಂದು ಕಾಲಕ್ಕೆ ದೇಶಕ್ಕಾಗಿ ಆಡಿದವರು, ನೆರೆತ ಕೂದಲನ್ನು ಗಂಡಸರಂತೆ ಮೋಟಾಗಿ ಕತ್ತರಿಸಿಕೊಂಡ ಹೆಂಗಸು. ಎರಡು ತಂಡ ಮಾಡಿ ಸೀಟಿ ಊದಿದರು.

ಹುಲ್ಲಿನ ಆ ಮೈದಾನದಲ್ಲಿ ನಮ್ಮ ಹುಡುಗಿ ಆಡಿದ ಆಟ ನೋಡಿ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಅವಳು ನಡುವಿನ ಒಂದು ಪಟ್ಟಿಯನ್ನು ಬಿಟ್ಟು ಆಚೆ ಕಾಲಿಡುತ್ತಿಲ್ಲ! ಬಲಗಡೆ ಅಷ್ಟಗಲ ಖಾಲಿ ಜಾಗ, ಚೆಂಡು ಆ ಕಡೆ ಉರುಳಿತೆಂದರೆ ಗಕ್ಕನೆ ನಿಂತು ಹಿಂದೆ ತಿರುಗುತ್ತಾಳೆ. ಎಲ್ಲ ಆಟಗಾರ್ತಿಯರೂ ತುಂಬಿಕೊಂಡ ಗದ್ದಲಕ್ಕೇ ಮತ್ತೆ ನುಗ್ಗುತ್ತಾಳೆ, ಚೆಂಡು ಕಳೆದುಕೊಳ್ಳುತ್ತಾಳೆ. ಆ ಮೋಟುಗೂದಲಿನವರು ಮೊದಲೆರಡು ಸಲ ಅವಳನ್ನು ನೋಡಿದರು. ಆಮೇಲೆ ನೋಡುವುದನ್ನೇ ಬಿಟ್ಟರು.

ಅರ್ಧ ಆಟಕ್ಕೆ ಬಿಟ್ಟಾಗ ನಾನು ಹರಿಹಾಯ್ದೆ. “ಕಣ್ಣಿಲ್ಲೇನು ನಿನಗ? ಅಷ್ಟು ಜಾಗ ಬಿದ್ದೈತಿ, ಯಾಕ ಹೋಗವಲ್ಲಿ?”

ಅವಳು ಏದುಸಿರು ಬಿಡುತ್ತಿದ್ದಳು. “ಕಾಣ್ತೈತ್ರಿ ಟೀಚರ್. ಆದ್ರ ಕಾಲು ನಿಂತ್ಬಿಡ್ತಾವ್ರಿ. ಆ ಕಡಿ ಜ್ವಾಳ ಐತಿ ಅನ್ನಿಸಿಬಿಡ್ತೈತಿ.”

ಅವಳ ಕಾಲಿಗೆ ಆ ಬೇಲಿ ಹಾಕಿದವಳು ನಾನೇ. ಅಜ್ಜಿಯ ಜೊತೆ ಇನ್ನಷ್ಟು ಜಗಳವಾಡಿ ಮೈದಾನ ಬಿಡಿಸಿಕೊಳ್ಳುವ ಬದಲು ಸುಲಭದ ಕಾನೂನು ಮಾಡಿ, ಆ ಮಗುವಿಗೆ ಎಂಟು ಹೆಜ್ಜೆಯ ಲೋಕ ಕಟ್ಟಿಕೊಟ್ಟಿದ್ದೆ. “ತಪ್ಪು ನಂದು,” ಅಂದೆ, “ಇಲ್ಲಿ ಜ್ವಾಳ ಇಲ್ಲ, ಹೋಗು.” ಅವಳು ತಲೆಯಾಡಿಸಿದಳು. ಆದರೆ ಆಟ ಮತ್ತೆ ಶುರುವಾದಾಗ ಕಾಲು ಮತ್ತೆ ಅಲ್ಲೇ ನಿಂತವು. ಒಂದು ಸಲ, ಎರಡು ಸಲ. ನಾನು ಗಡಿಯಾರ ನೋಡಿಕೊಂಡೆ. ಉಳಿದಿದ್ದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಆಗಲೇ ಹೋಗಿತ್ತು.

ಆಗ ನನ್ನ ಪಕ್ಕ ಕೂತಿದ್ದ ಅಜ್ಜಿ ಎದ್ದಳು. ಬಾಯಿಯ ಎಲೆ ಉಗುಳಿದಳು. ಎರಡು ಹೊಲದಾಚೆಯ ಆಡನ್ನು ಕೂಗಿ ಕರೆಯುವ ದನಿ ಅದು, ಇಡೀ ಮೈದಾನ ತಿರುಗಿ ನೋಡಿತು.

“ಲೇ! ಜ್ವಾಳ ಎಲ್ಲಾ ಚೀಲಕ್ಕ ತುಂಬೇವಿ! ಒಂದು ಕಾಳೂ ಇಲ್ಲ! ಓಡಲೇ!”

ಬೇರೆಯವರಿಗೆ ಏನೂ ತಿಳಿಯಲಿಲ್ಲ. ನಮ್ಮ ಹುಡುಗಿ ಮೈದಾನದ ನಡುವೆ ನಿಂತು ಅಜ್ಜಿಯನ್ನು ನೋಡಿ ಕಿಸಕ್ಕೆಂದು ನಕ್ಕಳು. ಜೋಳ ಹಾಸಿದವಳೇ ಬಿಡುಗಡೆ ಮಾಡಿದ್ದಳಲ್ಲ! ಮುಂದಿನ ಚೆಂಡು ಬಲಕ್ಕೆ ಉರುಳಿತು. ಅವಳು ನಿಲ್ಲಲಿಲ್ಲ. ಖಾಲಿ ಜಾಗದಲ್ಲಿ ಓಡಿದಳು, ಓಡಿದಳು, ಅಂಚಿನ ಸುಣ್ಣದ ಗೆರೆ ಮುಟ್ಟಿದಳು. ಎದುರಿನವಳು ಚೆಂಡು ಆಚೆ ಹೋಗಿಯೇ ಹೋಗುತ್ತದೆಂದು ಓಟ ನಿಧಾನ ಮಾಡಿದಳು. ಚೆಂಡು ಹೋಗಲಿಲ್ಲ! ಜೋಳದ ಅಂಚಿನಲ್ಲಿ ಎರಡು ವರ್ಷ ಪಳಗಿದ ಕಾಲು ಅದು. ಗೆರೆಗೆ ಒಂದು ಗೇಣು ಒಳಗೆ, ಆ ತುದಿಯವರೆಗೂ ಚೆಂಡನ್ನು ಒಯ್ದು, ಗಕ್ಕನೆ ತಿರುಗಿ, “ಖೋ!” ಎಂದು ಕಿರುಚಿ ಒಳಗೆ ದಾಟಿಸಿದಳು. ಅವಳ ತಂಡದಲ್ಲಿದ್ದ ಹಡಗಲಿಯ ಒಬ್ಬ ಹುಡುಗಿಯೂ ಖೋಖೋದವಳೇ ಇರಬೇಕು, ಆ ಕೂಗಿಗೆ ಎದ್ದವಳಂತೆ ಬಂದು ಒದ್ದಳು. ಗೋಲ್!

ಅಜ್ಜಿ ನನ್ನ ತೋಳು ಹಿಡಿದು ಅಲುಗಾಡಿಸಿದ್ದಕ್ಕೆ ಮೂರು ದಿನ ನೋವಿತ್ತು. ಆಮೇಲಿನ ಇಪ್ಪತ್ತು ನಿಮಿಷ ಆ ಬಲಗಡೆ ಪೂರ್ತಿ ನಮ್ಮವಳದೇ. ಆಟ ಮುಗಿದ ಮೇಲೆ ಮೋಟುಗೂದಲಿನವರು ನನ್ನ ಬಳಿಗೇ ಬಂದರು.

“ಗೆರೆ ಮೇಲೆ ಹಾಗೆ ಬಾಲ್ ತಗೊಂಡು ಹೋಗೋದು ಯಾರು ಕಲಿಸಿದ್ದು?”

ನಾನು ಅಜ್ಜಿಯ ಕಡೆ ಕೈ ತೋರಿಸಿದೆ. ಜೋಳದ ಕಥೆ ಕೇಳಿ ಅವರು ಬಹಳ ಹೊತ್ತು ನಕ್ಕರು. ಆಮೇಲೆ, “ನಾವು ದೇಶಕ್ಕೆ ಆಡುವಾಗ ಗಂಡಸರ ಅಳತೆಯ ಜೆರ್ಸಿ ಕೊಡ್ತಿದ್ರು, ಮೊಣಕಾಲಿಗೆ ಬರ್ತಿತ್ತು. ಆಮೇಲೆ ಎಷ್ಟೋ ದಿನ ಮ್ಯಾಚೇ ಇರ್ತಿರಲಿಲ್ಲ. ಇವರಿಗೆ ಹಾಗಾಗಲ್ಲ ಬಿಡಿ,” ಅಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು.

ನಂಬರುಗಳನ್ನು ಓದಿದರು. ನಾನು ಇನ್ನೂ ಉಸಿರು ಬಿಗಿಹಿಡಿಯುವ ತಯಾರಿಯಲ್ಲಿರುವಾಗಲೇ, ಎರಡನೆಯದಾಗಿಯೇ, ಹದಿನೇಳು ಅಂದುಬಿಟ್ಟರು.

ಈಗ ಅವಳು ಶಿಬಿರದಲ್ಲಿದ್ದಾಳೆ. ನಮ್ಮ ಮೈದಾನದ ಮೂಲೆಯಲ್ಲಿ ತೊಗರಿ ಒಣಗುತ್ತಿದೆ, ಮೂಲೆಯಲ್ಲಿ ಮಾತ್ರ. ಮೊನ್ನೆ ಎಂಟನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗಿ ಬಂದು ಅದೇ ಪ್ರಶ್ನೆ ಕೇಳಿದಳು: “ಟೀಚರ್, ಹೆಣ್ಮಕ್ಕಳದು ದೇಶದ ಟೀಮ್ ಐತೇನ್ರಿ?” ನಾನು ಬಾಯಿ ತೆರೆಯುವ ಮೊದಲೇ ಬೇವಿನ ಮರದ ಕೆಳಗಿನಿಂದ ಉತ್ತರ ಬಂತು.

“ಐತಿ. ನಮ್ಮಾಕಿ ಅದರಾಗ ಅದಾಳ.”

ಅದು ತಪ್ಪು ಉತ್ತರ. ರಾಜ್ಯದ ಶಿಬಿರದಿಂದ ದೇಶದ ತಂಡಕ್ಕೆ ಇನ್ನೂ ಎಷ್ಟೋ ಮೆಟ್ಟಿಲುಗಳಿವೆ. ತಿದ್ದುವುದು ನನ್ನ ಕೆಲಸ. ಆದರೆ ಅಂದು ನಾನು ‘ಇಲ್ಲ’ ಅಂದಾಗ ಒಬ್ಬಳು ಅಲ್ಲೇ ನಿಂತುಬಿಟ್ಟಿದ್ದಳು. ಇವಳು ನಿಲ್ಲಲಿಲ್ಲ, ಆಗಲೇ ಚೆಂಡಿನ ಕಡೆ ಓಡುತ್ತಿದ್ದಳು. ನಾನು ತಿದ್ದಲಿಲ್ಲ.